ಹತ್ತೊಂಬತ್ತನೇ ತಾರೀಕಿನ ಕ್ಷೌರ

ಏಳನೇ ನಂಬರಿನ ಬಸ್ಸು ಹನ್ನೊಂದನೇ ಸ್ಟಾಪಿನಲ್ಲಿ ನಲವತ್ತು ನಿಮಿಷ ನಿಂತುಬಿಟ್ಟಿತು. ಟೈರು ಪಂಕ್ಚರ್ ಆಗಿರಲಿಲ್ಲ, ಡೀಸೆಲ್ ಮುಗಿದಿರಲಿಲ್ಲ, ರಸ್ತೆಗೆ ಯಾರೂ ಅಡ್ಡ ಮಲಗಿರಲಿಲ್ಲ. ಹಿಂದಿನ ಸೀಟಿನಿಂದ ಯಾರೋ ಒಬ್ಬ, "ಏನ್ರೀ ಡ್ರೈವರ್, ನಾಲ್ಕು ನಿಮಿಷ ಲೇಟು! ಕಾಯೋರ ಕಷ್ಟ ನಿಮಗೇನ್ರೀ ಗೊತ್ತು?" ಎಂದು ಕೂಗಿದ, ಅಷ್ಟೆ. ಡ್ರೈವರ್ ಇಂಜಿನ್ ಆಫ್ ಮಾಡಿದ. ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು, ಮುಂದಿನ ಗಾಜನ್ನೇ ನೋಡುತ್ತ ಕೂತ.

ಐವತ್ತೆರಡು ಜನ ಪ್ರಯಾಣಿಕರು ಮೊದಲು ಬೈದರು, ಆಮೇಲೆ ಬೇಡಿಕೊಂಡರು, ಆಮೇಲೆ ಫೋಟೊ ತೆಗೆದರು, ಕೊನೆಗೆ ಇಳಿದು ಹೋದರು. ಕಂಡಕ್ಟರ್ ಮಾತ್ರ ಉಳಿದ. ಅವನು ಡ್ರೈವರನ ಕಣ್ಣ ಮುಂದೆ ಕೈಯಾಡಿಸಿ, ರೆಪ್ಪೆ ಬಡಿದದ್ದನ್ನು ಕಂಡು, "ಜೀವ ಇದೆ" ಎಂದು ಡಿಪೋಗೆ ಫೋನ್ ಮಾಡಿದ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಡಿಪೋದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಈತನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಗಡಿಯಾರ ಎಂದು. ಇಪ್ಪತ್ತೆರಡು ವರ್ಷಗಳ ಕೆಲಸದಲ್ಲಿ ಇವನ ಬಸ್ಸು ಎರಡು ನಿಮಿಷ ಆಚೀಚೆ ಆದದ್ದಿಲ್ಲ. ಅವತ್ತಿನ ನಾಲ್ಕು ನಿಮಿಷ ಕೂಡ ನೀರಿನ ಪೈಪಿಗಾಗಿ ರಸ್ತೆ ಅಗೆದವರ ಕೃಪೆ.

ಮ್ಯಾನೇಜರ್ ಕರೆಸಿ ಕೂರಿಸಿ, ಹಣೆ ಒತ್ತಿಕೊಂಡ. "ಬೈದಿದ್ರೆ ಮೆಮೊ ಕೊಡ್ತಿದ್ದೆ. ಹೊಡೆದಿದ್ರೆ ಸಸ್ಪೆಂಡ್ ಮಾಡ್ತಿದ್ದೆ. ಸುಮ್ನೆ ಕೂತಿದ್ದಕ್ಕೆ ನನ್ನ ಹತ್ರ ಯಾವ ಫಾರಂ ಇದೆ ಹೇಳಯ್ಯ? ಯಾಕೆ ನಿಲ್ಲಿಸ್ದೆ?"

"ಗೊತ್ತಿಲ್ಲ ಸಾರ್."

"ಮನೇಲಿ ಏನಾದ್ರೂ?"

"ಏನೂ ಇಲ್ಲ ಸಾರ್."

"ಏನೂ ಇಲ್ದೆ ಯಾರಾದ್ರೂ ನಲವತ್ತು ನಿಮಿಷ ಕೂರ್ತಾರಾ? ನಾನು ಮೀಟಿಂಗಲ್ಲೂ ಅಷ್ಟು ಹೊತ್ತು ಕೂರಲ್ಲ."

ಹೀಗೆ ಗಡಿಯಾರ ಎರಡು ಶಿಕ್ಷೆಗೆ ಒಳಗಾದ. ಒಂದು, ಕಳೆದುಹೋದ ಸಾಮಾನುಗಳ ಕೋಣೆ. ಬಸ್ಸುಗಳಲ್ಲಿ ಜನ ಮರೆತು ಹೋದದ್ದನ್ನೆಲ್ಲ ಅಲ್ಲಿ ಚೀಟಿ ಕಟ್ಟಿ ಇಡಬೇಕು: ಇನ್ನೂರು ಛತ್ರಿ, ಒಂಟಿ ಶೂಗಳು, ಊರುಗೋಲು, ಒಂದು ಹಲ್ಲಿನ ಸೆಟ್ಟು. ಹಲ್ಲನ್ನು ಸೀಟಿನ ಮೇಲೆ ಬಿಟ್ಟು ಇಳಿದವನು ಮನೆಗೆ ಹೋಗಿ ಊಟಕ್ಕೆ ಕೂತಾಗ ಏನಂದುಕೊಂಡಿರಬಹುದು ಎಂದು ಯೋಚಿಸುತ್ತ ಗಡಿಯಾರ ಮೊದಲ ಮಧ್ಯಾಹ್ನ ಕಳೆದ. ಎರಡನೆಯ ಶಿಕ್ಷೆ, ಡಿಪೋದ ಆಪ್ತಸಲಹೆಗಾರ್ತಿ, ಎಲ್ಲರ ಬಾಯಲ್ಲಿ ಮನಸ್ಸಿನ ಮೇಡಂ. ತಿಂಗಳ ಕೊನೆಗೆ ಆಕೆ "ಈತ ಬಸ್ಸು ಓಡಿಸಲು ಯೋಗ್ಯ" ಎಂದು ಸಹಿ ಹಾಕಿದರೆ ಏಳನೇ ನಂಬರು ವಾಪಸ್ಸು. ಹಾಕದಿದ್ದರೆ ನಿವೃತ್ತಿಯವರೆಗೂ ಛತ್ರಿ.

ಅದಕ್ಕಿಂತ ದೊಡ್ಡ ಸಂಕಟವೆಂದರೆ, ಅಲ್ಲಿಯವರೆಗೆ ಬಸ್ಸನ್ನು ಕೊಟ್ಟದ್ದು ಹಾರ್ನ್ ಎಂಬ ಡ್ರೈವರನಿಗೆ. ಅವನು ಬ್ರೇಕಿಗಿಂತ ಹೆಚ್ಚು ನಂಬುವುದು ಹಾರ್ನನ್ನು. ಮೊದಲ ದಿನವೇ ಡ್ರೈವರ್ ಸೀಟನ್ನು ಹಿಂದಕ್ಕೆ ತಳ್ಳಿ, ಕನ್ನಡಿಗೆ ಎರಡು ಪ್ಲಾಸ್ಟಿಕ್ ಗಿಳಿ ನೇತುಹಾಕಿದ್ದ. ಅದನ್ನು ಕಿಟಕಿಯಿಂದ ಕಂಡ ಗಡಿಯಾರನಿಗೆ ತನ್ನ ಹಲ್ಲುಜ್ಜುವ ಬ್ರಷ್ಷನ್ನು ಬೇರೆಯವರು ಬಳಸುತ್ತಿರುವಂತೆ ಮೈ ಜುಂ ಎಂದಿತು.

ಮನಸ್ಸಿನ ಮೇಡಂ ಕೂರುತ್ತಿದ್ದದ್ದು ಹಿಂದೆ ಟೈರು ಇಡುತ್ತಿದ್ದ ಕೋಣೆಯಲ್ಲಿ. ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ರಬ್ಬರಿನ ವಾಸನೆ ಹೋಗಿರಲಿಲ್ಲ. ಅದರಿಂದ ಆಕೆಗೆ ಸದಾ ನೆಗಡಿ. ವಯಸ್ಸಿನಲ್ಲಿ ಗಡಿಯಾರನಿಗಿಂತ ಹದಿನೈದು ವರ್ಷ ಚಿಕ್ಕವಳು. ಮೇಜಿನ ಮೇಲೊಂದು ಕುಂಡ. ಎಲ್ಲರಿಗೂ ಚೆನ್ನಾಗಿ ನೀರು ಕುಡಿಯಿರಿ ಎಂದು ಹೇಳುವ ಆಕೆ ಆ ಗಿಡವನ್ನು ಮಾತ್ರ ಒಣಗಲು ಬಿಟ್ಟಿದ್ದಳು.

ಮೊದಲ ದಿನ ಆಕೆ ಒಂದು ನೋಟ್‌ಬುಕ್ ಕೊಟ್ಟಳು. ದಿನಕ್ಕೊಂದು ಪುಟ, ಮೂವತ್ತು ಪುಟ. ಪ್ರತಿ ಪುಟದಲ್ಲೂ ಅವೇ ಸಾಲುಗಳು: ಎಷ್ಟು ಹೊತ್ತು ನಿದ್ದೆ, ಎಷ್ಟು ಲೋಟ ನೀರು, ಎಷ್ಟು ದೂರ ನಡಿಗೆ, ಹತ್ತು ದೀರ್ಘ ಉಸಿರು, ಇವತ್ತು ಖುಷಿ ಕೊಟ್ಟ ಒಂದು ಸಂಗತಿ, ಹತ್ತಿರದವರೊಬ್ಬರ ಜೊತೆ ಇಪ್ಪತ್ತು ನಿಮಿಷ ಮಾತು.

"ದಿನಾ ರಾತ್ರಿ ಮಲಗೋ ಮುಂಚೆ ಬರೀರಿ," ಎಂದಳು ಮೇಡಂ, ಮೂಗೊರೆಸಿಕೊಂಡು. "ಸಣ್ಣ ಸಣ್ಣ ಅಭ್ಯಾಸಗಳೇ ಮನಸ್ಸನ್ನ ಕಾಪಾಡೋದು."

ಈಗ ಡಿಪೋದ ಒಂದು ಗುಟ್ಟು ಹೇಳಬೇಕು. ಪ್ರತಿ ಡ್ರೈವರನಿಗೂ ಬೆಳಿಗ್ಗೆ ಒಂದು ಟ್ರಿಪ್ ಶೀಟ್ ಕೊಡುತ್ತಾರೆ. ಯಾವ ಸ್ಟಾಪಿಗೆ ಎಷ್ಟು ಹೊತ್ತಿಗೆ ಬಂದೆ, ಎಷ್ಟು ಹೊತ್ತಿಗೆ ಬಿಟ್ಟೆ ಎಂದು ದಾರಿಯುದ್ದಕ್ಕೂ ಬರೆಯುತ್ತ ಹೋಗಬೇಕು ಎನ್ನುವುದು ನಿಯಮ. ಯಾರೂ ಹಾಗೆ ಬರೆಯುವುದಿಲ್ಲ. ಬಸ್ಸು ಹೊರಡುವ ಮೊದಲೇ, ಚಹಾ ಕುಡಿಯುತ್ತ, ಇಡೀ ದಿನದ ಶೀಟನ್ನು ತುಂಬಿಬಿಡುತ್ತಾರೆ. ಮಿಕ್ಕವರು ಸೋಮಾರಿತನಕ್ಕೆ ಬರೆದರೆ ಗಡಿಯಾರ ಜಂಬಕ್ಕೆ ಬರೆಯುತ್ತಿದ್ದ. ಬೆಳಿಗ್ಗೆ ಆರಕ್ಕೆ "ಸಂಜೆ ೪.೧೭, ಕೊನೇ ಸ್ಟಾಪು" ಎಂದು ಬರೆದರೆ, ಸಂಜೆ ನಾಲ್ಕು ಹದಿನೇಳಕ್ಕೆ ಬಸ್ಸು ಅಲ್ಲಿರುತ್ತಿತ್ತು.

ಆದ್ದರಿಂದ ಅವನು ನೋಟ್‌ಬುಕ್ಕನ್ನು ಮನೆಗೆ ಒಯ್ದು, ಒಂದೇ ಪಟ್ಟಿಗೆ ಕೂತು, ಒಂದೇ ಪೆನ್ನಿನಲ್ಲಿ, ಮೂವತ್ತೂ ದಿನದ ಮನಶ್ಶಾಂತಿಯನ್ನು ಬರೆದು ಮುಗಿಸಿದ. ಅದರಲ್ಲಿ ಮೋಸವೇನೂ ಅವನಿಗೆ ಕಾಣಲಿಲ್ಲ. ಶೀಟು ಕೊಟ್ಟರು, ತುಂಬಿದ.

ನಿದ್ದೆ, ನೀರು, ನಡಿಗೆ ಸುಲಭವಾಗಿತ್ತು. ಖುಷಿಯ ಸಾಲಿಗೇ ತಲೆ ಕೆರೆದುಕೊಳ್ಳಬೇಕಾಯಿತು. ಎಂಟನೇ ತಾರೀಕಿಗೆ "ಹೆಂಡತಿಯ ಅಡುಗೆಯನ್ನು ಮನಸಾರೆ ಹೊಗಳಿದೆ" ಎಂದು ಬರೆದ. ಹನ್ನೊಂದಕ್ಕೆ "ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದೆ." ಹದಿನಾಲ್ಕಕ್ಕೆ "ಕಿಟಕಿಯಲ್ಲಿ ಕೂತು ಮಳೆ ನೋಡಿದೆ." ಹತ್ತೊಂಬತ್ತರ ಹೊತ್ತಿಗೆ ಸುಳ್ಳಿನ ಸರಕೆಲ್ಲ ಖಾಲಿ. ಅಷ್ಟರಲ್ಲಿ ತಲೆ ಕೆರೆಯುತ್ತಿದ್ದ ಬೆರಳಿಗೆ ಕಿವಿಯ ಹಿಂದೆ ಒಂದು ಗೊಂಚಲು ಕೂದಲು ಸಿಕ್ಕಿತು. ಕೈ ತನ್ನಷ್ಟಕ್ಕೆ ಬರೆಯಿತು: "ಅಣ್ಣನ ಅಂಗಡಿಗೆ ಹೋದೆ. ಕ್ಷೌರ ಮಾಡಿಸಿಕೊಂಡೆ. ಇಪ್ಪತ್ತು ನಿಮಿಷ ಮಾತಾಡಿದೆವು. ಇಬ್ಬರೂ ಬಹಳ ನಕ್ಕೆವು."

ಆ ಅಣ್ಣನ ಜೊತೆ ಅವನು ಮಾತಾಡಿ ಆರು ವರ್ಷವಾಗಿತ್ತು.

ಐದನೇ ತಾರೀಕು ಮೇಡಂ ನೋಟ್‌ಬುಕ್ ಕೇಳಿದಳು. ಅವನು ಹೆಮ್ಮೆಯಿಂದಲೇ ಕೊಟ್ಟ. ಆಕೆ ನಾಲ್ಕು ಪುಟ ಓದಿದಳು. ಐದನೆಯದನ್ನು ತಿರುವಿದಳು. ಆರನೆಯದನ್ನು ತಿರುವಿದಳು. ಆಮೇಲೆ ಒಮ್ಮೆಲೇ ಕೊನೆಯ ಕಡೆಗೆ ಹಾರಿದಳು.

"ಇಪ್ಪತ್ತಾರನೇ ತಾರೀಕು ನಿಮಗೆ ತುಂಬಾ ಹಗುರ ಅನ್ಸುತ್ತಾ?"

"ಹೌದು ಮೇಡಂ."

"ಇವತ್ತು ಐದು."

"ಹೌದು ಮೇಡಂ."

ಹೊರಗೆ ಯಾವುದೋ ಬಸ್ಸು ರಿವರ್ಸ್ ತೆಗೆದುಕೊಳ್ಳುತ್ತ ಕಿಂಯ್ ಕಿಂಯ್ ಎನ್ನುತ್ತಿತ್ತು. ಕೆಲಸ ಹೋಯಿತು ಎಂದುಕೊಂಡ ಗಡಿಯಾರ. ಮೇಡಂ ಸೀನಿದಳು. ಸೀನಿದ್ದೋ ನಕ್ಕದ್ದೋ ಅವನಿಗೆ ತಿಳಿಯಲಿಲ್ಲ.

"ನೀವು ಟ್ರಿಪ್ ಶೀಟಲ್ಲಿ ಮೊದಲೇ ಬರೆದಿದ್ದು ಯಾವತ್ತೂ ಸುಳ್ಳಾಗಿಲ್ಲವಂತೆ. ಮ್ಯಾನೇಜರ್ ಹೇಳಿದ್ರು."

"ಬಸ್ಸು ನಿಂತ ಆ ಒಂದು ದಿನ ಬಿಟ್ರೆ, ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ಇಲ್ಲ ಮೇಡಂ."

"ಹಾಗಾದ್ರೆ ಇದನ್ನೂ ಸುಳ್ಳಾಗಿಸಬೇಡಿ." ಆಕೆ ನೋಟ್‌ಬುಕ್ಕನ್ನು ಅವನ ಕಡೆ ತಳ್ಳಿದಳು. "ಯಾವ ದಿನಕ್ಕೆ ಏನು ಬರೆದಿದ್ದೀರೋ ಆ ದಿನ ಅದು ಆಗಬೇಕು. ಒಂದು ಸ್ಟಾಪ್ ಬಿಟ್ರೂ ನಾನು ಸಹಿ ಹಾಕಲ್ಲ."

"ಮಳೆ ಅಂತ ಬರೆದಿದ್ದೀನಲ್ಲ ಮೇಡಂ..."

"ಬರೆಯೋ ಮುಂಚೆ ಯೋಚಿಸಬೇಕಿತ್ತು."

ಮನೆಗೆ ಬಂದು ಹೆಂಡತಿಗೆ ಹೇಳಿದ. ಆಕೆ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡಿ ಬಂದವಳು. ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡು, ನೋಟ್‌ಬುಕ್ಕನ್ನು ಕಾದಂಬರಿಯಂತೆ ಓದಿದಳು.

"ಹತ್ತು ಲೋಟ ನೀರಾ? ಇಡೀ ದಿನ ಬಚ್ಚಲಲ್ಲೇ ಇರ್ತೀರಾ ಹೇಗೆ?"

ಅವಳ ಮಾತು ನಿಜವಾಯಿತು. ಆದರೂ ಗಡಿಯಾರ ಹತ್ತು ಲೋಟವನ್ನು ಗಂಟೆಗೊಂದರಂತೆ, ಸಮಯಕ್ಕೆ ಸರಿಯಾಗಿ ಕುಡಿದ. ಕಳೆದುಹೋದ ಛತ್ರಿಗಳ ನಡುವೆ ನಿಂತು ಹತ್ತು ದೀರ್ಘ ಉಸಿರು ಎಳೆದ. ಎಂಟನೇ ತಾರೀಕು ಊಟಕ್ಕೆ ಕೂತು, ಗಂಟಲು ಸರಿಮಾಡಿಕೊಂಡು, "ಸಾರು ಬಹಳ ಚೆನ್ನಾಗಿದೆ. ಹದವಾಗಿದೆ. ಇಂಥ ಸಾರು ನಾನು ಎಲ್ಲೂ ಉಂಡಿಲ್ಲ" ಎಂದ.

ಹೆಂಡತಿ ಸೌಟು ಕೆಳಗಿಟ್ಟಳು. "ಏನು ತಪ್ಪು ಮಾಡ್ಕೊಂಡು ಬಂದಿದ್ದೀರಿ?"

"ನೋಟ್‌ಬುಕ್ಕಲ್ಲಿದೆ ಕಣೇ."

"ಇದು ನಿನ್ನೆಯ ಸಾರು. ನಿನ್ನೆ ಮುಖ ಸಿಂಡರಿಸಿಕೊಂಡು ಉಂಡ್ರಿ."

"ನಿನ್ನೆ ನೋಟ್‌ಬುಕ್ಕಲ್ಲಿರಲಿಲ್ಲ."

ಹನ್ನೊಂದನೇ ತಾರೀಕು ಪಾರ್ಕಿನ ಹುಲ್ಲಿನ ಮೇಲೆ ಶೂ ಕಳಚಿ ಹದಿನಾರು ಹೆಜ್ಜೆ ನಡೆದ. ಹದಿನೇಳನೆಯ ಹೆಜ್ಜೆಗೆ ಕಾವಲುಗಾರ ಸೀಟಿ ಊದುತ್ತ ಓಡಿಬಂದ. "ಬೋರ್ಡು ಕಾಣಲ್ವೇನ್ರೀ? ಹುಲ್ಲು ತುಳೀಬಾರದು!" ಗಡಿಯಾರ ಶೂ ಕೈಯಲ್ಲಿ ಹಿಡಿದು, ಐವತ್ತರ ವಯಸ್ಸಿನಲ್ಲಿ, ಗೇಟಿನತ್ತ ಓಡಿದ. ಓಟದಲ್ಲಿ ಎಲ್ಲೋ ಒಂದು ಕಡೆ ಅಂಗಾಲಿಗೆ ಹುಲ್ಲಿನ ತಂಪು ತಾಗಿದ್ದು ಮಾತ್ರ ಹೌದು. ಅದನ್ನು ಅವನು ಮೇಡಂಗೆ ಹೇಳಲಿಲ್ಲ.

ಹದಿನಾಲ್ಕನೇ ತಾರೀಕು, ಭಾನುವಾರ, ಆಕಾಶದಲ್ಲಿ ಮೋಡದ ಸುಳಿವೂ ಇರಲಿಲ್ಲ. ಸಂಜೆ ಐದರವರೆಗೂ ಅವನು ಕಿಟಕಿಯಲ್ಲಿ ಕೂತು ಕಾದ. ಹೆಂಡತಿ ಎರಡು ಸಲ ಬಂದು ನೋಡಿದಳು. ಮೂರನೇ ಸಲ ಬಕೆಟ್ಟು, ಚೊಂಬು ತೆಗೆದುಕೊಂಡು ಮಹಡಿಗೆ ಹತ್ತಿದಳು. ಸ್ವಲ್ಪ ಹೊತ್ತಿಗೆ ಕಿಟಕಿಯ ಮುಂದೆ ನೀರು ಸುರಿಯತೊಡಗಿತು.

"ಮಳೆ ಬರ್ತಿದೆ, ನೋಡ್ಕೊಳ್ಳಿ!" ಎಂದು ಮೇಲಿನಿಂದ ಕೂಗಿದಳು.

"ಇನ್ನೂ ಸ್ವಲ್ಪ ಸಣ್ಣಗೆ ಬರಲಿ!"

"ಬಂದಷ್ಟು ನೋಡ್ರೀ, ಆಯ್ಕೆ ಬೇರೆ!"

ಕೆಳಗಿನ ಮನೆಯಾಕೆ, ಹಗ್ಗದ ಮೇಲೆ ಒಣಹಾಕಿದ್ದ ಹೊದಿಕೆಗಳು ತೊಯ್ದದ್ದನ್ನು ಕಂಡು, ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಅರ್ಧ ಗಂಟೆ ಜಾಡಿಸಿದಳು. ಆಕೆ ಒಳಗೆ ಹೋದ ಮೇಲೆ ಇವರಿಬ್ಬರೂ ಬಾಗಿಲು ಹಾಕಿಕೊಂಡು, ಗೋಡೆಗೆ ಒರಗಿ, ಸದ್ದು ಹೊರಗೆ ಹೋಗದಂತೆ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ನಗು ನಿಂತಾಗ ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು.

"ಹತ್ತೊಂಬತ್ತಕ್ಕೆ ಏನು ಬರೆದಿದ್ದೀರಿ ಅಂತ ನಾನು ಓದಿದೀನಿ," ಎಂದಳು.

ಅವನು ಬಕೆಟ್ಟು, ಚೊಂಬು ಎತ್ತಿಕೊಂಡು ಬಚ್ಚಲಿಗೆ ನಡೆದ.

ಹದಿನೆಂಟನೇ ತಾರೀಕು ಗಡಿಯಾರ ಮೇಡಂ ಎದುರು ನಿಂತ. "ಹತ್ತೊಂಬತ್ತರ ಟ್ರಿಪ್ ಕ್ಯಾನ್ಸಲ್ ಮಾಡಿ ಮೇಡಂ."

"ಕಾರಣ?"

"ರಸ್ತೆ ಸರಿಯಿಲ್ಲ."

"ಎಷ್ಟು ದಿನದಿಂದ?"

"ಆರು ವರ್ಷ."

ಮೇಡಂ ಪೆನ್ನಿನ ಮುಚ್ಚಳ ಹಾಕಿದಳು. "ಬಳಸು ದಾರಿ ಇದೆಯಾ?"

"ಇಲ್ಲ."

"ಹಾಗಾದ್ರೆ ಅದರಲ್ಲೇ ಹೋಗಬೇಕು. ನಿಧಾನಕ್ಕೆ ಹೋಗಿ."

ಆರು ವರ್ಷದ ಹಿಂದಿನ ಕತೆ ಇಷ್ಟೇ. ಅಮ್ಮ ಅಣ್ಣನ ಮನೆಯಲ್ಲಿದ್ದಳು. ಕೆಳಗೆ ಕ್ಷೌರದಂಗಡಿ, ಮೇಲೆ ಮನೆ. ಒಂದು ಬೆಳಿಗ್ಗೆ ಮೂರನೇ ಸ್ಟಾಪಿನಲ್ಲಿದ್ದಾಗ ಅಣ್ಣನ ಫೋನು ಬಂತು: "ಅಮ್ಮನಿಗೆ ಏನೋ ಆಗ್ತಿದೆ. ಬೇಗ ಬಾ." ಬಸ್ಸು ತುಂಬ ಜನ. ನಡುದಾರಿಯಲ್ಲಿ ಬಸ್ಸು ಬಿಟ್ಟು ಇಳಿಯುವ ಡ್ರೈವರ್ ಅವನಲ್ಲ. ಕೊನೇ ಸ್ಟಾಪಿನವರೆಗೂ ಓಡಿಸಿದ. ಒಂದು ನಿಮಿಷವೂ ಆಚೀಚೆ ಆಗದಂತೆ ಓಡಿಸಿದ. ಶೀಟಿಗೆ ಸಹಿ ಹಾಕಿ, ಟ್ಯಾಕ್ಸಿ ಹಿಡಿದು ಹೋದ. ಅಮ್ಮ ಹೋಗಿ ನಲವತ್ತು ನಿಮಿಷವಾಗಿತ್ತು.

ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ. ತಲೆಯೆತ್ತಿ, "ನಿನ್ನ ಹೆಸರು ಹಿಡಿದು ಕರೀತಾ ಕರೀತಾ ಹೋದ್ಲು. ಬಸ್ಸು ಟೈಮಿಗೆ ಸರಿಯಾಗಿ ಹೋಯ್ತಾ?" ಎಂದ.

ಅದೇ ಕೊನೆಯ ಮಾತು. ಅಂದಿನಿಂದ ಗಡಿಯಾರ ಸಿಕ್ಕಸಿಕ್ಕ ಕಡೆ ಕ್ಷೌರ ಮಾಡಿಸಿಕೊಂಡ. ಆರು ವರ್ಷದಲ್ಲಿ ಅವನ ತಲೆ ಒಂದು ಸಲವೂ ಮನುಷ್ಯರ ತಲೆಯಂತೆ ಕಾಣಲಿಲ್ಲ.

ಹತ್ತೊಂಬತ್ತನೇ ತಾರೀಕು, ರಜೆ ಹಾಕಿ, ಹನ್ನೊಂದು ಗಂಟೆಗೆ ಅವನು ಅಂಗಡಿಯೊಳಗೆ ಕಾಲಿಟ್ಟಾಗ ಗಿರಾಕಿಗಳು ಯಾರೂ ಇರಲಿಲ್ಲ. ಅಣ್ಣ ಕತ್ತರಿಗೆ ಎಣ್ಣೆ ಬಿಡುತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. ಒಮ್ಮೆ ನೋಡಿದ. ಮುಖ ನೋಡಲಿಲ್ಲ, ತಲೆ ನೋಡಿದ.

"ಯಾವ ಕತ್ತೆ ಮಾಡಿದ್ದು ಇದನ್ನ?"

"ಡಿಪೋ ಹತ್ರ ಒಬ್ಬ ಇದ್ದಾನೆ."

"ಅವನಿಗೆ ಕಣ್ಣಿದೆಯಾ?"

"ಒಂದಿದೆ."

ಅಣ್ಣ ಕುರ್ಚಿಯ ಧೂಳು ಕೊಡವಿದ. ಗಡಿಯಾರ ಕೂತ. ಬಿಳಿ ಬಟ್ಟೆ ಕುತ್ತಿಗೆಗೆ ಬಿಗಿಯಿತು, ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚೇ ಬಿಗಿಯಿತು. ಕತ್ತರಿ ಮಾತಾಡತೊಡಗಿತು. ಅವರಿಬ್ಬರೂ ಮಾತಾಡಲಿಲ್ಲ. ಎದುರಿನ ಕನ್ನಡಿಯಲ್ಲಿ ಹಿಂದಿನ ಗೋಡೆಯ ಗಡಿಯಾರ ಕಾಣುತ್ತಿತ್ತು. ಕನ್ನಡಿಯಲ್ಲಿ ಅದರ ಮುಳ್ಳು ಹಿಂದಕ್ಕೆ ನಡೆಯುತ್ತಿತ್ತು. ಇಪ್ಪತ್ತು ನಿಮಿಷದ ಮಾತಿನಲ್ಲಿ ಹನ್ನೆರಡು ನಿಮಿಷ ಹೀಗೆಯೇ ಖರ್ಚಾಯಿತು.

ಎಡಗಡೆ ಪೂರ್ತಿಯಾದಾಗ ಅಣ್ಣ ಕೇಳಿದ, "ಬಸ್ಸು ನಡುದಾರೀಲಿ ನಿಲ್ಲಿಸಿ ಕೂತಿದ್ಯಂತೆ. ಗಿರಾಕಿಯೊಬ್ಬ ಫೋಟೊ ತೋರಿಸ್ದ. ಬಾಯಿ ಬಿಟ್ಕೊಂಡು ಕೂತಿದ್ದೆ."

"ಹೂಂ."

"ನೀನು? ನಿಲ್ಲಿಸಿದ್ದು?"

"ಹೂಂ."

"ಎಷ್ಟು ಹೊತ್ತು?"

"ನಲವತ್ತು ನಿಮಿಷ."

ಕತ್ತರಿ ನಿಂತಿತು. ಹೇಳಿದ ಮೇಲೆಯೇ ಗಡಿಯಾರನ ಕಿವಿಗೂ ಆ ಲೆಕ್ಕ ಬಿದ್ದದ್ದು. ಮ್ಯಾನೇಜರ್ ಕೇಳಿದಾಗ ಗೊತ್ತಿಲ್ಲ ಎಂದದ್ದು ಸುಳ್ಳಲ್ಲ. ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ.

ಅಣ್ಣ ಕತ್ತರಿಯನ್ನು ಹಲಗೆಯ ಮೇಲಿಟ್ಟು, ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕೂತ. ಅದೇ ಮೆಟ್ಟಿಲು. ಗಡಿಯಾರ ಕುರ್ಚಿಯಲ್ಲಿ, ಅರ್ಧ ತಲೆ ಕತ್ತರಿಸಿ ಅರ್ಧ ಬಿಟ್ಟ ಸ್ಥಿತಿಯಲ್ಲಿ, ಕಾದ. ಕನ್ನಡಿಯಲ್ಲಿ ಎಡಗಡೆ ಒಬ್ಬ ಗೌರವಸ್ಥ, ಬಲಗಡೆ ಜೈಲಿನಿಂದ ತಪ್ಪಿಸಿಕೊಂಡು ಬಂದವನೊಬ್ಬ. ಒಂಬತ್ತು ನಿಮಿಷವಾದ ಮೇಲೆ ಅಣ್ಣ ಒಳಗೆ ಬಂದ.

"ಅಮ್ಮ ನಿನ್ನ ಹೆಸರು ಹಿಡಿದು ಕರೀಲಿಲ್ಲ ಕಣೋ," ಎಂದ.

"ಏನು?"

"ಕರೀಲಿಲ್ಲ. ನಾನು ಸುಮ್ನೆ ಹೇಳ್ದೆ. ಸಿಟ್ಟು ಬಂದಿತ್ತು. ಒಬ್ನೇ ಇದ್ದೆ. ಕೈ ನಡುಗ್ತಿತ್ತು. ನೀನು ಬರುವಾಗ ಕೈಗಡಿಯಾರ ನೋಡ್ಕೊಂಡು ಬಂದೆ ನೋಡು, ಅದನ್ನ ಕಂಡು ಉರಿದುಹೋಯ್ತು. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

ಗಡಿಯಾರ ಎದ್ದ. ಬಟ್ಟೆ ಕುತ್ತಿಗೆಗೆ ನೇತಾಡುತ್ತಿತ್ತು. "ಆರು ವರ್ಷ," ಎಂದ. "ಆರು ವರ್ಷ ಕಣೋ! ದಿನಾ ಆ ಮೂರನೇ ಸ್ಟಾಪು ಬಂದಾಗ..." ಬಾಗಿಲು ದೂಡಿಕೊಂಡು ರಸ್ತೆಗೆ ನಡೆದುಬಿಟ್ಟ.

ರಸ್ತೆಯಲ್ಲಿ ತರಕಾರಿ ಕೊಳ್ಳುತ್ತಿದ್ದ ಇಬ್ಬರು ಹೆಂಗಸರು ಅವನನ್ನು ನೋಡಿ ಚೀಲ ಎದೆಗವಚಿಕೊಂಡರು. ಒಂದು ನಾಯಿ ಎದ್ದು ನಿಂತಿತು. ಅರ್ಧ ತಲೆ ಕೂದಲು ಇಟ್ಟುಕೊಂಡು, ಬಿಳಿ ಬಟ್ಟೆ ಹಾರಿಸಿಕೊಂಡು, ಮನುಷ್ಯ ಎಷ್ಟು ದೂರ ಸಿಟ್ಟಿನಿಂದ ನಡೆಯಬಲ್ಲ? ಗಡಿಯಾರ ಮೂವತ್ತು ಹೆಜ್ಜೆ ನಡೆದ. ನಿಂತ. ಹತ್ತು ದೀರ್ಘ ಉಸಿರು ಎಳೆದ. ಹತ್ತನೆಯದಕ್ಕೂ ಸಿಟ್ಟು ಇಳಿಯಲಿಲ್ಲ, ಆದರೆ ತಲೆ ಅರ್ಧವೇ ಇದೆ ಎನ್ನುವುದು ಸ್ಪಷ್ಟವಾಯಿತು. ತಿರುಗಿ ಬಂದು ಕುರ್ಚಿಯಲ್ಲಿ ಕೂತ.

"ಮುಗಿಸು," ಎಂದ.

ಅಣ್ಣ ಕತ್ತರಿ ಎತ್ತಿಕೊಂಡ. ಅವನ ಕೈ ಈಗಲೂ ನಡುಗುತ್ತಿತ್ತು. "ಹೀಗೆ ನಡುಗೋ ಕೈಯಲ್ಲಿ ಕಿವಿ ಕತ್ತರಿಸಬೇಡ," ಎಂದ ಗಡಿಯಾರ. "ನೀರು ಕುಡಿ. ನಾನು ದಿನಾ ಹತ್ತು ಲೋಟ ಕುಡೀತೀನಿ."

ಅಣ್ಣ ಕುಡಿದ. ಕತ್ತರಿ ಮತ್ತೆ ಶುರುವಾಯಿತು. ಬಹಳ ಹೊತ್ತಿನ ಮೇಲೆ ಗಡಿಯಾರ ಕನ್ನಡಿಯೊಳಗಿನ ಅಣ್ಣನನ್ನು ಕೇಳಿದ:

"ಹಾಗಾದ್ರೆ ಅಮ್ಮ ಏನೂ ಹೇಳ್ಲಿಲ್ವಾ?"

ಅಣ್ಣ ಬಾಚಣಿಗೆಯ ಕೂದಲು ಕೊಡವಿದ. "ಹೇಳಿದ್ಲು."

"ಏನಂತ?"

"ಬೇಡ ಬಿಡು."

"ಹೇಳು ಮಾರಾಯ. ಅದಕ್ಕಿಂತ ಕೆಟ್ಟದ್ದನ್ನ ಆರು ವರ್ಷ ಹೊತ್ತಿದೀನಿ."

"'ಗ್ಯಾಸ್ ಆಫ್ ಮಾಡಿದ್ಯಾ?' ಅಂತ ಕೇಳಿದ್ಲು."

ಅಂಗಡಿಯಲ್ಲಿ ಒಂದು ನೊಣ ಕನ್ನಡಿಗೆ ಬಡಿದು ಕೂತಿತು.

"ಅಷ್ಟೇನಾ?"

"ಅಷ್ಟೇ. ಕಣ್ಣು ಬಿಟ್ಲು, ನನ್ನನ್ನ ನೋಡಿದ್ಲು, ನಾನೇನೋ ದೊಡ್ಡ ಮಾತು ಹೇಳ್ತಾಳೆ ಅಂತ ಬಗ್ಗಿ ಕಿವಿ ಕೊಟ್ಟೆ. ಗ್ಯಾಸ್ ಆಫ್ ಮಾಡಿದ್ಯಾ ಅಂದ್ಲು. ಮುಗೀತು."

ಗಡಿಯಾರ ಮೂಗಿನ ಮೇಲೆ ಬಿದ್ದ ಕೂದಲನ್ನು ಊದಿದ. ಆಮೇಲೆ ಕೇಳಿದ, "ಮಾಡಿದ್ಯಾ?"

"ಏನನ್ನ?"

"ಗ್ಯಾಸು. ಆಫ್ ಮಾಡಿದ್ಯಾ?"

ಅಣ್ಣನ ತುಟಿಯ ಒಂದು ಮೂಲೆ ಅಲುಗಿತು. "ಇಲ್ಲ ಕಣೋ," ಎಂದ. "ಹಾಲಿಟ್ಟಿದ್ದೆ. ಪಾತ್ರೆ ಸೀದು ಕರಿ ಇದ್ದಲಾಗಿತ್ತು. ನೀನು ಬಂದಾಗ ಮನೆ ತುಂಬ ಹೊಗೆ ಇತ್ತಲ್ಲ? ನೀನು ಕಣ್ಣೊರೆಸಿಕೊಂಡೆಯಲ್ಲ? ಅರ್ಧ ಕಣ್ಣೀರು ಅದರದ್ದು."

ಮೊದಲು ನಕ್ಕವರು ಯಾರೆಂದು ಇಬ್ಬರಿಗೂ ಆಮೇಲೆ ನೆನಪಾಗಲಿಲ್ಲ. ಅಣ್ಣ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡು ಬಗ್ಗಿಬಿಟ್ಟ. ಗಡಿಯಾರನ ಬಾಯಿಗೆ ಕೂದಲು ಹೋಗಿ, ಕೆಮ್ಮು ಬಂದು, ಕೆಮ್ಮಿನ ನಡುವೆ ನಗು ಬಂದು, ಮತ್ತೇನೋ ಬಂದು, ಬಿಳಿ ಬಟ್ಟೆಯ ತುದಿಯಿಂದ ಮುಖವೆಲ್ಲ ಒರೆಸಿಕೊಂಡ. ಒರೆಸಿಕೊಂಡಷ್ಟೂ ಕೂದಲು ಮುಖಕ್ಕೆ ಅಂಟಿ ಅವನು ಕರಡಿಯಂತಾದ. ಅದನ್ನು ನೋಡಿ ಅಣ್ಣ ಮತ್ತೆ ಬಗ್ಗಿದ. ಮಹಡಿಯಿಂದ ಅತ್ತಿಗೆ ಇಳಿದು ಬಂದಳು. ಮೈದುನ ಬಂದಿದ್ದಾನೆ ಎನ್ನುವುದಕ್ಕಿಂತ ಇಬ್ಬರಿಗೂ ಏನೋ ಆಗಿದೆ ಎನ್ನುವುದೇ ಅವಳಿಗೆ ಮೊದಲು ಕಂಡದ್ದು. ನೀರು ತಂದಳು.

"ನೀರು ಬೇಡ ಅತ್ತಿಗೆ," ಎಂದ ಗಡಿಯಾರ, ಏದುಸಿರು ಬಿಡುತ್ತ. "ಐದು ಲೋಟ ಆಗಿದೆ. ಆರನೆಯದು ಹನ್ನೆರಡಕ್ಕೆ."

ಜೇಬಿನಿಂದ ನೋಟ್‌ಬುಕ್ ತೆಗೆದು ಅಣ್ಣನಿಗೆ ತೋರಿಸಿದ. ಅಣ್ಣ ಕನ್ನಡಕ ಹಾಕಿಕೊಂಡು ಓದಿದ: ಇಬ್ಬರೂ ಬಹಳ ನಕ್ಕೆವು.

"ಇದನ್ನ ಯಾವಾಗ ಬರೆದೆ?"

"ಒಂದನೇ ತಾರೀಕು."

ಅಣ್ಣ ಪುಟದಿಂದ ತಲೆಯೆತ್ತಿ ತಮ್ಮನನ್ನು ನೋಡಿದ. "ಥೂ," ಎಂದ. "ನೀನು ಈ ಜನ್ಮದಲ್ಲಿ ರಿಪೇರಿ ಆಗಲ್ಲ."

ಮರುದಿನ ಟೈರಿನ ಕೋಣೆಯಲ್ಲಿ ಮೇಡಂ ಅವನ ತಲೆಯನ್ನು ನೋಡಿಯೇ ಅರ್ಧ ವಿಷಯ ತಿಳಿದುಕೊಂಡಳು. "ಹೇಗಿತ್ತು?"

"ಟೈಮು ತಪ್ಪಿತು ಮೇಡಂ," ಎಂದ, ಅಪರಾಧಿಯಂತೆ. "ಇಪ್ಪತ್ತು ನಿಮಿಷ ಅಂತ ಬರೆದಿದ್ದೆ. ನಾಲ್ಕೂವರೆ ಗಂಟೆ ಆಯ್ತು. ಅತ್ತಿಗೆ ಊಟಕ್ಕೂ ಕೂರಿಸಿದ್ಲು."

ಆಕೆ ಅಲ್ಲಿ ಏನೂ ಬರೆದುಕೊಳ್ಳಲಿಲ್ಲ. ಅವನು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ, "ಆ ಗಿಡಕ್ಕೆ ಒಂದು ಲೋಟ ಹಾಕಿ ಮೇಡಂ. ನನ್ನ ಹತ್ತರಲ್ಲಿ ಒಂದು ಬೇಕಾದ್ರೆ ಅದಕ್ಕೆ ಬಿಡ್ತೀನಿ."

ಮೂವತ್ತನೇ ತಾರೀಕಿನ ಪುಟದಲ್ಲಿ "ಮನಸ್ಸು ಪೂರ್ತಿ ಸರಿಯಾಗಿದೆ" ಎಂದು ಅವನೇ ಬರೆದಿದ್ದ. ಅದನ್ನು ಓದಿ ಮೇಡಂ, "ಆಗಿದೆಯಾ?" ಎಂದಳು. ಗಡಿಯಾರ ಬಹಳ ಹೊತ್ತು ಆ ಸಾಲನ್ನು ನೋಡಿದ. ಏನು ಹೇಳಿದರೆ ಬಸ್ಸು ಸಿಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ ಮೇಡಂ," ಎಂದ. "ಮೂರನೇ ಸ್ಟಾಪಲ್ಲಿ ಇನ್ನೂ ಹೇಗಾಗುತ್ತೋ ಗೊತ್ತಿಲ್ಲ. ಈ ಒಂದು ಸಾಲು ಸುಳ್ಳು."

ಮೇಡಂ ಸೀನಿದಳು, ಮೂಗೊರೆಸಿಕೊಂಡಳು, ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಅವನು ಸೀಟನ್ನು ಮುಂದಕ್ಕೆ ಎಳೆದುಕೊಂಡ. ಗಿಳಿಗಳನ್ನು ಬಿಚ್ಚಿ ಕಳೆದುಹೋದ ಸಾಮಾನುಗಳ ಕೋಣೆಗೆ ಕೊಟ್ಟು, ಚೀಟಿಯನ್ನೂ ತಾನೇ ಬರೆದ. ಮಿಕ್ಕ ಡ್ರೈವರುಗಳು ಚಹಾ ಕುಡಿಯುತ್ತ ಶೀಟು ತುಂಬುತ್ತಿದ್ದರು. ಅವನೂ ಪೆನ್ನು ತೆಗೆದ. "ಹೊರಟದ್ದು ೬.೧೦" ಎಂದು ಬರೆದ. ಕೆಳಗಿನ ಸಾಲುಗಳನ್ನು ನೋಡಿದ. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ.

ಕಂಡಕ್ಟರ್ ಹತ್ತಿ, ಬಾಗಿಲು ಎಳೆದು, "ರೈಟ್!" ಎಂದ.

ಗಡಿಯಾರ ಕೀಲಿ ತಿರುಗಿಸಲು ಹೋದವನು ಏನೋ ನೆನಪಾಗಿ ಹಿಂದಕ್ಕೆ ತಿರುಗಿದ.

"ಅಲ್ಲಯ್ಯ, ಮನೇಲಿ ಗ್ಯಾಸ್ ಆಫ್ ಮಾಡಿ ಬಂದ್ಯಾ?"

ಕಂಡಕ್ಟರನ ಮುಖದ ಬಣ್ಣ ಇಳಿಯಿತು. "ಅಯ್ಯೋ," ಎಂದ. ಬ್ಯಾಗಿನಲ್ಲಿ ಫೋನು ಹುಡುಕಿದ, ಸಿಗಲಿಲ್ಲ, ಚೀಲವನ್ನೆಲ್ಲ ಸೀಟಿನ ಮೇಲೆ ಸುರಿದ, ಹೆಂಡತಿಯನ್ನು ಎಬ್ಬಿಸಿದ, ಅವಳು ಅಡುಗೆಮನೆಗೆ ಹೋಗಿ ನೋಡಿ ಬರುವವರೆಗೆ ಫೋನು ಹಿಡಿದು ನಿಂತ. ಹಿಂದಿನ ಸೀಟಿನಲ್ಲಿ ಯಾರೋ ಗೊಣಗತೊಡಗಿದರು. ಗಡಿಯಾರ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟುಕೊಂಡು ಕಾದ.

ಏಳನೇ ನಂಬರಿನ ಬಸ್ಸು ಅವತ್ತು ಆರು ಹದಿನಾಲ್ಕಕ್ಕೆ ಹೊರಟಿತು.